ಸ್ಕೇಲಕ್ಕ ಅಳೆದ ಸೊನ್ನೆ

ನಮ್ಮ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಬಿಳಿ ಕೋಟಿನ ಎಡಜೇಬಿನಿಂದ ಆರಿಂಚಿನ ಪ್ಲಾಸ್ಟಿಕ್ ಸ್ಕೇಲೊಂದು ಸದಾ ಇಣುಕುತ್ತಿದ್ದುದರಿಂದ ಎಲ್ಲರಿಗೂ ಅವರು ಸ್ಕೇಲಕ್ಕ. ಇಪ್ಪತ್ತನಾಲ್ಕು ವರ್ಷ ಕಿಟಕಿ ಪಕ್ಕದ ಅದೇ ಮೇಜಿನಲ್ಲಿ ಕೂತರು. ನಾನು ಅವರ ಎಡಕ್ಕೆ ಕೂತು ವರದಿ ಟೈಪು ಮಾಡುವವಳು. ಅವರು ಓದಿ ಹೇಳುತ್ತಿದ್ದರು, ನಾನು ಹೊಡೆಯುತ್ತಿದ್ದೆ. ನನಗೆ ಅವರಿಟ್ಟ ಹೆಸರು ಟೈಪಮ್ಮ.

ಅವರ ಕೆಲಸ ಏನೆಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ರೋಗಿಯ ಕೀವು, ರಕ್ತ, ಮೂತ್ರ ಏನೇ ಬರಲಿ, ಅದರಲ್ಲಿರುವ ರೋಗಾಣುವನ್ನು ಗಾಜಿನ ತಟ್ಟೆಯ ಮೇಲೆ ಹರಡಿ, ಅದರ ಮೇಲೆ ಕುಂಕುಮದ ಬೊಟ್ಟಿನಷ್ಟಗಲದ ಕಾಗದದ ಬಿಲ್ಲೆಗಳನ್ನು ಇಡುತ್ತಾರೆ. ಒಂದೊಂದು ಬಿಲ್ಲೆಗೂ ಒಂದೊಂದು ಔಷಧ ಸವರಿರುತ್ತದೆ. ತಟ್ಟೆಯನ್ನು ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು ಮಾರನೆಯ ದಿನ ತೆಗೆದರೆ ರೋಗಾಣು ತೆಳ್ಳಗೆ ಕೆನೆಗಟ್ಟಿದ ಹಾಗೆ ಬೆಳೆದಿರುತ್ತದೆ. ಯಾವ ಔಷಧಕ್ಕೆ ಅದು ಬಗ್ಗುತ್ತದೋ ಆ ಬಿಲ್ಲೆಯ ಸುತ್ತ ಏನೂ ಬೆಳೆಯದೆ ದುಂಡಗೆ ಖಾಲಿ ಜಾಗ ಉಳಿಯುತ್ತದೆ. ಆ ಉಂಗುರವನ್ನು ಸ್ಕೇಲಿಟ್ಟು ಅಳೆಯಬೇಕು. ಅಗಲವಿದ್ದರೆ ಔಷಧ ನಾಟುತ್ತದೆ, ನಾನು 'ಎಸ್' ಎಂದು ಹೊಡೆಯುತ್ತೇನೆ. ಉಂಗುರ ಇಲ್ಲದಿದ್ದರೆ 'ಆರ್'. ಅಂದರೆ ಆ ಔಷಧ ಕೊಟ್ಟರೂ ಒಂದೇ, ನೀರು ಕೊಟ್ಟರೂ ಒಂದೇ.

"ನಾನು ಕೆಲಸಕ್ಕೆ ಸೇರಿದಾಗ ಹತ್ತು ಬಿಲ್ಲೆ ಇಟ್ರೆ ಎಂಟಕ್ಕೆ ಉಂಗುರ ಬೀಳ್ತಿತ್ತು" ಎನ್ನುತ್ತಿದ್ದರು. "ಈಗ ನೋಡು, ಮೂರು ಬಿದ್ರೆ ಹಬ್ಬ." ದೂರುವ ಧಾಟಿಯಲ್ಲಲ್ಲ, ಕೂದಲು ನರೆಯುತ್ತಿದೆ ಎಂದು ಹೇಳಿದ ಹಾಗೆ ಹೇಳುತ್ತಿದ್ದರು.

ಅವರು ಮದುವೆಯಾಗಲಿಲ್ಲ. ಯಾಕೆಂದು ಕೇಳಿದರೆ, "ಅಳತೆಗೆ ಸರಿಯಾಗಿ ಯಾರೂ ಸಿಗಲಿಲ್ಲ" ಎಂದು ಜೇಬಿನ ಸ್ಕೇಲು ಮುಟ್ಟಿಕೊಳ್ಳುತ್ತಿದ್ದರು. ಊರಂಚಿನಲ್ಲಿ ತಮ್ಮನ ಮನೆಯಲ್ಲೇ ಇದ್ದರು. ತಮ್ಮ, ತಮ್ಮನ ಹೆಂಡತಿ, ಕಾಲೇಜಿಗೆ ಹೋಗುವ ಅವರ ಮಗಳು, ಮತ್ತೆ ಮನೆಗೆ ಅಂಟಿಕೊಂಡಂತಿದ್ದ ತಗಡಿನ ಮಾಡಿನ ಕೊಟ್ಟಿಗೆಯಲ್ಲಿ ಹದಿನಾಲ್ಕು ಹಸು. ತಮ್ಮನದು ಹಾಲಿನ ವ್ಯಾಪಾರ. ಬೆಳಿಗ್ಗೆ ಬಸ್ಸು ಹಿಡಿಯುವ ಮೊದಲು ನಾಲ್ಕು ಹಸುಗಳ ಹಾಲನ್ನು ಅಕ್ಕನೇ ಕರೆಯುತ್ತಿದ್ದರು. ಅದು ಅವರಿಗೆ ಕೆಲಸವೆನಿಸುತ್ತಿರಲಿಲ್ಲ. ಹಸುವಿನ ಪಕ್ಕೆಗೆ ಹಣೆಯಾನಿಸಿ ಕೂತರೆ ಒಳಗೆ ಮೆಲುಕು ಹಾಕುವ ಸದ್ದು ಕೇಳುತ್ತದೆ, ಅದನ್ನು ಕೇಳಿಸಿಕೊಂಡು ಬಂದ ದಿನ ಮೇಜಿನ ಮುಂದೆ ಕಣ್ಣು ನೆಟ್ಟಗೆ ನಿಲ್ಲುತ್ತದೆ ಎಂದು ನನಗೆ ಹೇಳಿದ್ದರು. ಎಷ್ಟೋ ಸಲ ಅವರ ಕೋಟಿನ ತೋಳಿನಿಂದ ಹಿಂಡಿ, ಹಾಲಿನ ವಾಸನೆ ಬರುತ್ತಿತ್ತು. ದೊಡ್ಡ ಡಾಕ್ಟರು, ಅಂದರೆ ನಮ್ಮ ಪ್ರಯೋಗಾಲಯದ ಮುಖ್ಯಸ್ಥರು, ಅದನ್ನು ಮೂಸಿ ಗೊತ್ತಾದರೂ ಗೊತ್ತಾಗದವರಂತೆ ಇರುತ್ತಿದ್ದರು.

ತಮ್ಮ ಕೆಟ್ಟವನಲ್ಲ, ಆದರೆ ಕೈ ಚುರುಕು. ಹಸು ಮೇವು ಬಿಟ್ಟಿತು ಎಂದರೆ ಸಾಕು, ಪಶುವೈದ್ಯರಿಗೆ ಹೇಳಿ ಕಳಿಸುವ ಮೊದಲೇ ಅವನೇ ಸೂಜಿ ಚುಚ್ಚಿ ಆಗಿರುತ್ತಿತ್ತು. ಕೊಟ್ಟಿಗೆಯ ಗೋಡೆಗೆ ಮೊಳೆ ಹೊಡೆದು ತಗಲಿಸಿದ್ದ ಬಿಸ್ಕತ್ತಿನ ಡಬ್ಬಿಯಲ್ಲಿ ಸಿರಿಂಜು, ಔಷಧದ ಸೀಸೆ, ಕೆಚ್ಚಲಿಗೆ ಹಾಕುವ ಟ್ಯೂಬು ಎಲ್ಲ ಸಿದ್ಧ. ಐದು ದಿನ ಕೊಡಬೇಕಾದ್ದನ್ನು ಎರಡು ದಿನ ಕೊಟ್ಟು ನಿಲ್ಲಿಸುತ್ತಿದ್ದ.

"ಐದು ದಿನ ಅಂತ ಬರೆದಿದೆ ಕಣೋ" ಎಂದು ಅಕ್ಕ ಹೇಳುವುದು, "ಎರಡನೇ ದಿನಕ್ಕೇ ಎದ್ದು ಬೂಸಾ ತಿಂತಿದೆ, ಅದಕ್ಕೆ ಓದೋಕೆ ಬರಲ್ವಲ್ಲ" ಎಂದು ಅವನು ಹೇಳುವುದು. ವರ್ಷಗಟ್ಟಲೆ ಇದು ನಡೆದಿತ್ತು. ಹೇಳಿ ಹೇಳಿ ಸಾಕಾಗಿ ಅಕ್ಕ ಬಿಟ್ಟರು. ಅಷ್ಟೇ ಅಲ್ಲ, ವಾರ್ಡಿನಲ್ಲಿ ರೋಗಿಗಳು ಬಿಟ್ಟುಹೋದ ಮಾತ್ರೆಗಳನ್ನು ಒಂದೆರಡು ಸಲ ಅವರೇ ತಂದು ತಮ್ಮನ ಡಬ್ಬಿಗೆ ಹಾಕಿದ್ದೂ ಉಂಟು. ಕಸದ ಬುಟ್ಟಿಗೆ ಹೋಗುವುದರ ಬದಲು ಕರುವಿಗಾದರೂ ಆಗಲಿ ಎಂದು. ಇದನ್ನು ಅವರು ನನಗೆ ಹೇಳಿದ್ದು ಎಲ್ಲ ಮುಗಿದ ಮೇಲೆ.

ಕೊಟ್ಟಿಗೆಯಲ್ಲಿ ಗಯ್ಯಾಳಿ ಎಂಬ ಹಸುವಿತ್ತು. ಕರೆಯಲು ಕೂತರೆ ಬಾಲದಲ್ಲಿ ಮುಖಕ್ಕೆ ಬಾರಿಸುತ್ತಿತ್ತು, ಅದಕ್ಕೇ ಆ ಹೆಸರು. ಎಲ್ಲಕ್ಕಿಂತ ಹೆಚ್ಚು ಹಾಲು ಕೊಡುವುದೂ ಅದೇ. ಅದರ ಕೆಚ್ಚಲು ಬಾತಿತು. ತಮ್ಮ ಟ್ಯೂಬು ಹಾಕಿದ, ಬಾವು ಇಳಿಯಲಿಲ್ಲ. ಬೇರೆ ಟ್ಯೂಬು ಹಾಕಿದ. ಸೂಜಿ ಚುಚ್ಚಿದ. ಹಾಲು ಒಡೆದು ಒಡೆದು ಬರತೊಡಗಿತು. ಕೊನೆಗೆ ಪಶುವೈದ್ಯೆಯನ್ನು ಕರೆಸಿದ. ಆಕೆ ಹತ್ತಾರು ವರ್ಷದ ಅನುಭವಸ್ಥೆ, ಮಾತು ಕಡಿಮೆ. ಕೆಚ್ಚಲು ಒತ್ತಿ ನೋಡಿ, ಡಬ್ಬಿಯೊಳಗೂ ಒಮ್ಮೆ ಕಣ್ಣು ಹಾಯಿಸಿ, "ಇನ್ನು ಕಣ್ಣು ಮುಚ್ಕೊಂಡು ಔಷಧ ಹಾಕಬಾರದು, ಹಾಲು ಪರೀಕ್ಷೆಗೆ ಕಳಿಸಿ" ಎಂದರು. ಪ್ರಾಣಿಗಳ ಪ್ರಯೋಗಾಲಯ ಇದ್ದದ್ದು ಆರು ಗಂಟೆಯ ದಾರಿಯ ಇನ್ನೊಂದು ಊರಿನಲ್ಲಿ. ಅಲ್ಲಿಯೂ ಸಾಮಾನು ಮುಗಿದು ತಿಂಗಳಾಗಿತ್ತು.

ತಮ್ಮ ಅಕ್ಕನ ಮುಖ ನೋಡಿದ.

ನಮ್ಮಲ್ಲಿ ಪ್ರಾಣಿಗಳ ಮಾದರಿ ತರಕೂಡದು, ಅದು ನಿಯಮ. ಆದರೂ ಸೋಮವಾರ ಅಕ್ಕ ಒಂದು ಸಣ್ಣ ಸೀಸೆಯಲ್ಲಿ ಗಯ್ಯಾಳಿಯ ಹಾಲು ತಂದು, ಎಲ್ಲರೂ ಊಟಕ್ಕೆ ಎದ್ದ ಹೊತ್ತಿನಲ್ಲಿ ತಟ್ಟೆಗೆ ಹಾಕಿದರು. ಅದರ ಮೇಲೆ ಪೆನ್ನಿನಲ್ಲಿ ಬರೆದಿದ್ದು 'ಗ' ಎಂಬ ಒಂದೇ ಅಕ್ಷರ. ನಾನು ನೋಡಿದೆ. "ಟೈಪಮ್ಮ, ನೀನು ನೋಡಲಿಲ್ಲ" ಎಂದರು. ಸರಿ, ನಾನು ನೋಡಲಿಲ್ಲ.

ಮಂಗಳವಾರ ಆ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನಿಂತರು. ನಾನು ಎದ್ದು ಹೋಗಿ ಪಕ್ಕದಲ್ಲಿ ನಿಂತೆ. ತಿಳಿಹಳದಿ ಬಣ್ಣದ ಬೆಳೆ ತಟ್ಟೆ ತುಂಬ ಹರಡಿತ್ತು. ಹನ್ನೆರಡು ಬಿಲ್ಲೆಗಳಲ್ಲಿ ಹತ್ತರ ಅಂಚಿಗೆ ಒತ್ತಿಕೊಂಡೇ ಬೆಳೆದಿತ್ತು, ಬಿಲ್ಲೆ ಇದೆ ಎಂಬ ಪರಿವೆಯೇ ಇಲ್ಲದ ಹಾಗೆ. ಅಕ್ಕ ಸ್ಕೇಲು ತೆಗೆದು, ಅಳೆಯಲು ಏನೂ ಇಲ್ಲದ ಕಡೆಯೂ ಒಂದೊಂದಾಗಿ ಇಟ್ಟು ಅಳೆದರು. ಸೊನ್ನೆ, ಸೊನ್ನೆ, ಸೊನ್ನೆ. ಕೊನೆಯ ಎರಡಕ್ಕೆ ಮಾತ್ರ ಉಂಗುರ ಬಿದ್ದಿತ್ತು.

"ಈ ಎರಡು ಇದೆಯಲ್ಲಕ್ಕ" ಎಂದೆ ನಾನು.

"ಅವೆರಡು ಮನುಷ್ಯರಿಗೆ ಅಂತ ಎತ್ತಿಟ್ಟಿರೋದು. ಹಸುಗೆ ಕೊಡೋ ಹಾಗಿಲ್ಲ. ಮನುಷ್ಯರಿಗೂ ಬೇರೆ ಯಾವುದೂ ನಾಟದೆ ಇದ್ರೆ ಮಾತ್ರ."

ತಟ್ಟೆಯನ್ನು ಸುಟ್ಟುಹಾಕಬೇಕಿತ್ತು. ಅವರು ಒಂದು ಚೂರನ್ನು ಸಣ್ಣ ಕೊಳವೆಗೆ ಹಾಕಿ, ಫ್ರೀಜರಿನ ತೀರಾ ಹಿಂದಕ್ಕೆ ತಳ್ಳಿದರು. ಯಾಕೆ ಹಾಗೆ ಮಾಡಿದೆ ಎಂದು ಅವರಿಗೇ ಗೊತ್ತಿರಲಿಲ್ಲವಂತೆ.

ಮನೆಗೆ ಹೋಗಿ ತಮ್ಮನನ್ನು ಕೂರಿಸಿಕೊಂಡು ಹೇಳಿದರು. ಗಯ್ಯಾಳಿಯನ್ನು ಬೇರೆ ಕಟ್ಟು. ಅದರ ಹಾಲು ಕೊನೆಯಲ್ಲಿ ಕರಿ, ಕರೆದು ಚೆಲ್ಲು. ಒಂದು ಹಸು ಮುಟ್ಟಿದ ಕೈಯಲ್ಲಿ ಇನ್ನೊಂದನ್ನು ಮುಟ್ಟಬೇಡ. ಡಬ್ಬಿಯನ್ನು ಎಸೆ. ತಮ್ಮ ತಲೆಯಾಡಿಸಿದ. ಡಬ್ಬಿ ಎಸೆಯಲಿಲ್ಲ. ಉಳಿದದ್ದನ್ನೆಲ್ಲ ಮಾಡಿದ, ಅದನ್ನು ನಾನು ಹೇಳಲೇಬೇಕು. ಬಿಸಿನೀರಿನ ಬಕೆಟ್ಟು, ಸೋಪು, ಒಂದೊಂದು ಹಸುವಿಗೆ ಒಂದೊಂದು ಒರೆಸುವ ಬಟ್ಟೆ. ಅವನ ಮಗಳು ಬಟ್ಟೆಗಳ ಮೇಲೆ ಬಣ್ಣದ ದಾರದಲ್ಲಿ ಗುರುತು ಹೊಲಿದಳು. ಹತ್ತು ದಿನವಾದ ಮೇಲೆ ಇನ್ನೊಂದು ಹಸುವಿನ ಕೆಚ್ಚಲು ಬಾತಿತು.

ಆಮೇಲಿನ ವಾರ ಗಯ್ಯಾಳಿ ಒದ್ದಿತು. ಬಾತ ಕೆಚ್ಚಲನ್ನು ಹಿಂಡಿ ಕೀವು ತೆಗೆಯುತ್ತಿದ್ದ ತಮ್ಮನ ಕಣಕಾಲಿಗೆ ಗೊರಸು ತಗಲಿ ಎರಡಿಂಚು ಸೀಳಿತು. ಹಸು ಸಾಕುವವರಿಗೆ ಒದೆ ಹೊಸದೇ? ಅವನು ಯಾರಿಗೂ ಹೇಳಲಿಲ್ಲ. ಕೆಚ್ಚಲಿಗೆ ಹಾಕಿ ಮಿಕ್ಕಿದ್ದ ಟ್ಯೂಬನ್ನು ಗಾಯದ ಮೇಲೆ ಹಿಂಡಿಕೊಂಡು, ಮೇಲೆ ಬಟ್ಟೆ ಸುತ್ತಿ, ಉದ್ದ ಪ್ಯಾಂಟು ಹಾಕಿಕೊಂಡು ಓಡಾಡಿದ. ಕುಂಟುವುದನ್ನು ಹೆಂಡತಿ ಕೇಳಿದಾಗ ಉಳುಕಿದೆ ಎಂದ.

ಮೂರು ವಾರ ಹೀಗೇ ಕಳೆಯಿತು. ಒಂದು ಭಾನುವಾರ ಬೆಳಿಗ್ಗೆ ಹಾಲು ಕರೆಯುವ ಮಣೆಯಿಂದ ಏಳಲು ಹೋದವನಿಗೆ ಏಳಲಾಗಲಿಲ್ಲ. ಮೈ ಕೆಂಡದಂತೆ ಸುಡುತ್ತಿತ್ತು, ಹಲ್ಲು ಕಟಕಟ ಅನ್ನುತ್ತಿತ್ತು. ಅಕ್ಕ ಪ್ಯಾಂಟು ಮಡಚಿ ಬಟ್ಟೆ ಬಿಚ್ಚಿದರು. ಗಾಯ ಕೀವು ತುಂಬಿ ಬಾತಿತ್ತು.

"ಯಾವಾಗ ಆಯ್ತೋ ಇದು?"

"ಬಿಡಕ್ಕ, ಔಷಧ ಹಾಕ್ತಿದ್ದೀನಿ."

"ಯಾವ ಔಷಧ?"

ಅವನು ಗೋಡೆಯ ಡಬ್ಬಿಯತ್ತ ನೋಡಿದ.

ಅವನನ್ನು ಸೇರಿಸಿದ್ದು ನಮ್ಮ ಆಸ್ಪತ್ರೆಗೇ. ಕಾಲಿನ ಕೀವು, ರಕ್ತ ಎರಡೂ ಪರೀಕ್ಷೆಗೆ ನಮ್ಮಲ್ಲಿಗೇ ಬಂದವು. ಸ್ವಂತದವರ ಮಾದರಿ ಎಂದು ಅಕ್ಕ ಬಿಟ್ಟುಕೊಡಬಹುದಿತ್ತು, ಪಕ್ಕದ ಮೇಜಿನವರು ನಾನು ನೋಡ್ತೀನಿ ಎಂದರು ಕೂಡ. ಅಕ್ಕ ಕೊಡಲಿಲ್ಲ. ತಾವೇ ಗೆರೆ ಎಳೆದರು, ತಾವೇ ಬಿಲ್ಲೆ ಇಟ್ಟರು. ಮಾರನೆಯ ದಿನ ತಟ್ಟೆ ತೆಗೆದಾಗ ನನ್ನನ್ನು ಕರೆಯಲಿಲ್ಲ. ಎಂದಿನಂತೆ ಓದಿ ಹೇಳತೊಡಗಿದರು, ನಾನು ಹೊಡೆಯತೊಡಗಿದೆ. ಆರ್. ಆರ್. ಆರ್. ಆರ್. ಹತ್ತು ಸಲ ಒಂದೇ ಕೀಲಿ ಒತ್ತಿದೆ. ಹನ್ನೊಂದನೆಯದಕ್ಕೆ ನನಗೂ ಗೊತ್ತಾಗಿತ್ತು. ಉಳಿದ ಎರಡಕ್ಕೆ ಎಸ್ ಎಂದು ಅವರು ಹೇಳುವ ಮೊದಲೇ ಹೊಡೆದಿದ್ದೆ.

ಅಕ್ಕ ಎದ್ದು ನೇರ ದೊಡ್ಡ ಡಾಕ್ಟರ ಕೋಣೆಗೆ ಹೋದರು. ಬಾಗಿಲು ತೆರೆದೇ ಇತ್ತು, ಮಾತು ನನಗೆ ಕೇಳುತ್ತಿತ್ತು. ಹಸುವಿನ ಹಾಲು ತಂದದ್ದು, ಕದ್ದು ಪರೀಕ್ಷೆ ಮಾಡಿದ್ದು, ಕೊಳವೆ ಬಚ್ಚಿಟ್ಟಿದ್ದು ಎಲ್ಲ ಹೇಳಿದರು. ಬೈಗುಳಕ್ಕೆ ಕಾದು ನಿಂತರು. ಡಾಕ್ಟರು ಬೈಯಲಿಲ್ಲ.

"ಆ ಕೊಳವೆ ಈಗಲೂ ಇದೆಯಾ?"

"ಇದೆ ಸಾರ್."

"ತನ್ನಿ. ಎರಡನ್ನೂ ದೊಡ್ಡ ಪ್ರಯೋಗಾಲಯಕ್ಕೆ ಕಳಿಸೋಣ. ಎರಡೂ ಒಂದೇನಾ ಅಂತ ಜೀನ್ ಮಟ್ಟದಲ್ಲಿ ನೋಡಿ ಹೇಳ್ತಾರೆ." ಆಮೇಲೆ, "ನೀವೂ ಹಾಲು ಕರೀತೀರಲ್ವಾ?" ಎಂದರು.

ಮಧ್ಯಾಹ್ನ ಸೋಂಕು ನೋಡಿಕೊಳ್ಳುವ ನರ್ಸು ಬಂದು ಈ ರೋಗಾಣು ಅಡಗಿ ಕೂರುವುದು ಅಲ್ಲೇ ಎಂದು ಅಕ್ಕನ ಮೂಗಿನೊಳಗೆ ಹತ್ತಿಯ ಕಡ್ಡಿ ತಿರುಗಿಸಿ ತೆಗೆದುಕೊಂಡು ಹೋದರು. ತಮ್ಮನ ಹೆಂಡತಿ, ಮಗಳದೂ ಆಯಿತು. ಅಕ್ಕ ಆಗ ಇನ್ನೂ ನಗುವ ಸ್ಥಿತಿಯಲ್ಲಿದ್ದರು. "ಎಲ್ಲದಕ್ಕೂ ಮೂಗು ತೂರಿಸ್ತೀಯ ಅಂತ ತಮ್ಮ ಬೈತಿದ್ದ, ಈಗ ನನ್ನ ಮೂಗಿಗೇ ಬೇರೆಯವರು ತೂರಿಸ್ತಿದ್ದಾರೆ ನೋಡು" ಎಂದರು.

ಎರಡು ದಿನಕ್ಕೆ ಉತ್ತರ ಬಂತು. ತಮ್ಮನ ಹೆಂಡತಿಯ ಮೂಗಿನಲ್ಲಿ ಇಲ್ಲ. ಮಗಳ ಮೂಗಿನಲ್ಲಿ ಇಲ್ಲ. ಅಕ್ಕನ ಮೂಗಿನಲ್ಲಿ ಇದೆ.

ಒಂದು ನೆಗಡಿಯೂ ಇಲ್ಲ, ಒಂದು ಗುಳ್ಳೆಯೂ ಇಲ್ಲ. ಸುಮ್ಮನೆ ಕೂತಿತ್ತು ಅದು ಅವರಲ್ಲಿ. ಎಷ್ಟು ದಿನದಿಂದಲೋ, ಎಷ್ಟು ವರ್ಷದಿಂದಲೋ. ಮೂಗಿಗೆ ದಿನಕ್ಕೆ ಎರಡು ಸಲ ಹಚ್ಚುವ ಮುಲಾಮು, ಮೈಗೆ ಹಚ್ಚಿ ತೊಳೆಯುವ ಕೆಂಪು ದ್ರಾವಣ ಕೊಟ್ಟರು. ಐದು ದಿನ. ತಟ್ಟೆಗಳನ್ನು ಮುಟ್ಟಬಾರದು, ವಾರ್ಡಿಗೆ ಹೋಗಬಾರದು, ಕೊಟ್ಟಿಗೆಗೆ ಕಾಲಿಡಬಾರದು ಎಂದರು.

ಅಕ್ಕ ಮತ್ತೆ ದೊಡ್ಡ ಡಾಕ್ಟರ ಮುಂದೆ ನಿಂತರು. ಈ ಸಲ ನನ್ನನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದರು.

"ಸಾರ್, ಒಂದೇ ಮಾತು ಕೇಳ್ತೀನಿ. ಹಸುವಿಂದ ನನಗೆ ಬಂತಾ, ನನ್ನಿಂದ ಹಸುಗೆ ಹೋಯ್ತಾ?"

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಎರಡೂ ಆಗಬಹುದು. ಮನುಷ್ಯರಿಂದ ಹಸುಗೆ ಹೋಗಿ, ಅಲ್ಲಿ ಔಷಧ ತಿಂದು ಗಟ್ಟಿಯಾಗಿ, ತಿರುಗಿ ಮನುಷ್ಯರಿಗೇ ಬರೋದೂ ಇದೆ."

"ಇದು ಹೇಗೆ ಅಂತ?"

"ಗೊತ್ತಾಗಲ್ಲಮ್ಮ. ಮೊದಲೇ ನಿಮ್ಮ ಮೂಗು ನೋಡಿದ್ರೆ ಗೊತ್ತಾಗ್ತಿತ್ತೇನೋ. ಯಾರೂ ನೋಡಲಿಲ್ಲ."

ಇಪ್ಪತ್ತನಾಲ್ಕು ವರ್ಷ ಊರಿನವರದ್ದೆಲ್ಲ ನೋಡಿದ ಹೆಂಗಸು. ಒಂದು ದಿನವಾದರೂ ಒಂದು ಕಡ್ಡಿಯನ್ನು ತಮ್ಮ ಮೂಗಿಗೆ ಹಾಕಿಕೊಂಡಿದ್ದರೆ ಸಾಕಿತ್ತು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅವರು ತಮ್ಮ ಅಂಗೈಗಳನ್ನೇ ನೋಡಿಕೊಂಡರು. ನಾನು ಹೆಗಲ ಮೇಲೆ ಕೈಯಿಡಲು ಹೋದರೆ ಸರಿದು ಕೂತರು.

ತಮ್ಮನಿಗೆ ಆ ಎರಡರಲ್ಲಿ ಮೊದಲನೆಯ ಔಷಧ ಶುರುವಾಗಿತ್ತು, ರಕ್ತನಾಳದ ಮೂಲಕ ದಿನಕ್ಕೆರಡು ಸಲ. ಜ್ವರ ಇಳಿಯಿತು. ಮನೆಯವರಿಗೆಲ್ಲ ನಿರಾಳವಾಯಿತು. ಎರಡನೆಯ ವಾರ ಮೂತ್ರ ಕಡಿಮೆಯಾಯಿತು. ಆ ಔಷಧ ಮೂತ್ರಪಿಂಡಕ್ಕೆ ತಟ್ಟಿತ್ತು. ಅದನ್ನು ನಿಲ್ಲಿಸಿ ಎರಡನೆಯದನ್ನು ಕೊಟ್ಟರು. ಮೂರು ವಾರ ಅದು ಕೆಲಸ ಮಾಡಿತು. ಆಮೇಲೆ ರಕ್ತದ ಕಣಗಳು ಇಳಿಯತೊಡಗಿ, ಹಲ್ಲುಜ್ಜಿದರೆ ವಸಡಿನಿಂದ ರಕ್ತ ಬರತೊಡಗಿತು. ಅದನ್ನೂ ನಿಲ್ಲಿಸಬೇಕಾಯಿತು. ರೋಗಾಣು ಅಷ್ಟರಲ್ಲಿ ಮೂಳೆಗೆ ಇಳಿದಿತ್ತು. ಇನ್ನು ಉಳಿದದ್ದು ಕತ್ತರಿ ಮಾತ್ರ ಎಂದು ಮೂಳೆ ಡಾಕ್ಟರು ಹೇಳಿದರು.

ಐದು ದಿನದ ಮುಲಾಮು ಮುಗಿದು, ಎರಡು ಸಲ ಮೂಗು ಪರೀಕ್ಷೆಯಾಗಿ, ಇಲ್ಲ ಎಂದು ಬಂದ ಮೇಲೆ ಅಕ್ಕನನ್ನು ವಾರ್ಡಿಗೆ ಬಿಟ್ಟಿದ್ದರು. ಆದರೂ ನಿಲುವಂಗಿ, ಕೈಗವಸು, ಮುಖಕ್ಕೆ ಬಟ್ಟೆ. ಒಬ್ಬನೇ ರೋಗಿಯ ಕೋಣೆ, ಬಾಗಿಲಿಗೆ ಹಳದಿ ಚೀಟಿ. ಕಾಲು ತೆಗೆಯುವ ಹಿಂದಿನ ದಿನ ಸಂಜೆ ನಾನೂ ಹೋಗಿದ್ದೆ, ಹೊರಗಿನಿಂದ ಗಾಜಿನಲ್ಲಿ ನೋಡುತ್ತ ನಿಂತಿದ್ದೆ. ಬಾಗಿಲು ಅರ್ಧ ತೆರೆದಿತ್ತು.

"ಅಕ್ಕ, ನನ್ನದನ್ನೂ ನೀನೇ ಅಳೆದ್ಯಂತೆ?"

"ಹೂಂ."

"ಎಷ್ಟು ಬಂತು?"

"ಸೊನ್ನೆ."

"ಎಲ್ಲಾನೂ?"

"ಹತ್ತು ಸೊನ್ನೆ. ಎರಡು ಇತ್ತು. ಅವೆರಡನ್ನೂ ಕೊಟ್ಟಾಯ್ತು."

"ಸ್ಕೂಲ್ ಪರೀಕ್ಷೆಯಲ್ಲಿ ನಾನು ಯಾವಾಗ್ಲೂ ಅಷ್ಟೇ ತಾನೇ ತಗೋತಿದ್ದಿದ್ದು" ಎಂದ. ಅಕ್ಕ ನಗಲಿಲ್ಲ. ಅವನೇ ಮುಂದುವರಿದು, "ಗಯ್ಯಾಳಿ ಹೇಗಿದೆ?" ಎಂದು ಕೇಳಿದ.

"ಹೋಯ್ತು ಕಣೋ. ಹೋದ ವಾರ."

"ನನಗೆ ಯಾರೂ ಹೇಳಲಿಲ್ಲ."

"ಹೇಳಿ ಏನು ಮಾಡೋದಿತ್ತು?"

ಅವನು ಮುಖವನ್ನು ಗೋಡೆಯ ಕಡೆ ತಿರುಗಿಸಿದ. ಅಕ್ಕ ಕೈಗವಸಿನ ಕೈಯನ್ನು ಹೊದಿಕೆಯ ಮೇಲೆ, ಅವನ ಕಾಲಿನ ಪಕ್ಕದಲ್ಲಿ ಇಟ್ಟರು. ಕಾಲನ್ನು ಮುಟ್ಟಲಿಲ್ಲ. ನರ್ಸು ಬಂದು ಸಮಯವಾಯಿತು ಎನ್ನುವವರೆಗೂ ಹಾಗೇ ಇಟ್ಟುಕೊಂಡು ನಿಂತಿದ್ದರು. ಮಾರನೆಯ ದಿನ ಮಂಡಿಯ ಕೆಳಗಿನಿಂದ ಕಾಲು ತೆಗೆದರು. ಪ್ರಾಣ ಉಳಿಯಿತು.

ಇಷ್ಟರ ನಡುವೆ ಮನೆಯಲ್ಲಿ ಇನ್ನೊಂದು ನಡೆದಿತ್ತು. ಪ್ರಾಣಿಗಳ ಪ್ರಯೋಗಾಲಯಕ್ಕೆ ಸಾಮಾನು ಬಂದ ಮೇಲೆ ಪಶುವೈದ್ಯೆ ಉಳಿದ ಹದಿಮೂರು ಹಸುಗಳ ಹಾಲನ್ನೂ ಪರೀಕ್ಷೆ ಮಾಡಿಸಿದ್ದರು. ಐದರಲ್ಲಿ ಅದೇ ರೋಗಾಣು. ಅವುಗಳಲ್ಲಿ ನಾಲ್ಕು ನೋಡಲು ಗಟ್ಟಿಮುಟ್ಟಾಗಿದ್ದವು. "ಹಾಲು ಬತ್ತಿಸಿ, ಬೇರೆ ಕಟ್ಟಿ. ಮಾರಬೇಡಿ, ಇನ್ನೊಬ್ಬರ ಕೊಟ್ಟಿಗೆಗೆ ಹೋಗುತ್ತೆ" ಎಂದು ಪಶುವೈದ್ಯೆ ಹೇಳಿ ಹೋದರು. ಹೇಳುವುದು ಸುಲಭ. ತಮ್ಮನ ಹೆಂಡತಿ ಒಬ್ಬಳೇ. ಗಂಡ ಆಸ್ಪತ್ರೆಯಲ್ಲಿ, ಅತ್ತಿಗೆ ಕೊಟ್ಟಿಗೆಗೆ ಕಾಲಿಡುವಂತಿಲ್ಲ, ಮಗಳು ಕಾಲೇಜು ಬಿಟ್ಟು ಮೇವು ಹೊರುತ್ತಿದ್ದಾಳೆ. ಒಂದು ದಿನ ಅಕ್ಕ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಎಣಿಸಿದರೆ ಬೇರೆ ಕಟ್ಟಿದ್ದ ಐದರಲ್ಲಿ ಮೂರೇ ಇದ್ದವು.

"ಇನ್ನೆರಡು ಎಲ್ಲಿ?"

ತಮ್ಮನ ಹೆಂಡತಿ ಬಕೆಟ್ಟು ತೊಳೆಯುತ್ತಲೇ ಇದ್ದಳು. "ಹೋದವು, ಅತ್ತಿಗೆ."

"ಎಲ್ಲಿಗೆ ಹೋದವು? ಯಾರು ತಗೊಂಡು ಹೋದರು?"

"ದಲ್ಲಾಳಿ ಬಂದಿದ್ದ. ಎಲ್ಲಿಗೆ ಅಂತ ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ."

"ಡಾಕ್ಟ್ರಮ್ಮ ಅಷ್ಟು ಹೇಳಿದ್ರಲ್ಲ. ಯಾರದೋ ಮನೆಗೆ ಹೋಗುತ್ತೆ ಕಣೇ ಅದು."

ಆಗ ಅವಳು ಬಕೆಟ್ಟನ್ನು ಕೆಳಗಿಟ್ಟು ನೆಟ್ಟಗೆ ನಿಂತಳು. "ನಮ್ಮ ಮನೆಗೆ ಯಾರ ಮನೆಯಿಂದ ಬಂತು ಅಂತ ನನಗೆ ಯಾರಾದ್ರೂ ಹೇಳಿದ್ರಾ ಅತ್ತಿಗೆ? ಹೇಳಿ, ಐದು ಬರಡು ಹಸು ನಾನೊಬ್ಬಳೇ ಹೇಗೆ ನೋಡ್ಕೊಳ್ಳಲಿ? ನೀವು ಹೇಗೆ ಹೇಳ್ತೀರೋ ಹಾಗೆ ಮಾಡ್ತೀನಿ."

ಅವಳು ಜಗಳಕ್ಕಾಗಿ ಕೇಳಿದ್ದಲ್ಲ, ನಿಜವಾಗಿಯೂ ಉತ್ತರ ಬೇಕೆಂದೇ ಕೇಳಿದ್ದು. ಮಾರನೆಯ ದಿನ ಅಕ್ಕ ದಲ್ಲಾಳಿಯನ್ನು ಹುಡುಕಿಕೊಂಡು ಎರಡು ಬಸ್ಸು ಬದಲಿಸಿ ದನದ ಸಂತೆಯ ಬಯಲಿಗೆ ಹೋದರು. ಅಲ್ಲಿ ನೂರಾರು ಹಸು. ದಲ್ಲಾಳಿ ಸಿಕ್ಕಿದ. ಹಸುಗಳು ಅವನ ಕೈಯಿಂದ ಇನ್ನೊಬ್ಬ ದಲ್ಲಾಳಿಯ ಕೈಗೆ ಹೋಗಿ, ಅಲ್ಲಿಂದ ಮುಂದೆ ಹೋಗಿದ್ದವು. "ಅಮ್ಮ, ಹಸು ನೋಡೋಕೆ ಚೆನ್ನಾಗಿತ್ತು. ತಗೊಂಡವರಿಗೆ ಒಳ್ಳೇದೇ ಆಗುತ್ತೆ ಬಿಡಿ" ಎಂದ. ಅವರು ಪೊಲೀಸಿಗೆ ಹೋಗಲಿಲ್ಲ. ಏನೆಂದು ದೂರು ಕೊಡುವುದು? ಪಶುವೈದ್ಯೆಗೆ ಹೇಳಿದರು. ಪಶುವೈದ್ಯೆ ಒಂದು ಪತ್ರ ಬರೆದು ಮೇಲಿನವರಿಗೆ ಕಳಿಸಿದರು. ಪತ್ರ ತಲುಪಿದೆ ಎಂದು ಉತ್ತರ ಬಂತು.

ದೊಡ್ಡ ಪ್ರಯೋಗಾಲಯದಿಂದಲೂ ಉತ್ತರ ಬಂತು, ನಾಲ್ಕು ತಿಂಗಳ ಮೇಲೆ. ಹಸುವಿನದು, ತಮ್ಮನದು, ಅಕ್ಕನದು ಮೂರೂ ಒಂದೇ. ಅದನ್ನು ಇಟ್ಟುಕೊಂಡು ದೊಡ್ಡ ಡಾಕ್ಟರು ಯಾವುದೋ ಸಭೆಗೆ ಒಂದು ಪ್ರಬಂಧ ಬರೆದರು. ಟೈಪು ಮಾಡಿದವಳು ನಾನೇ. ಅದರಲ್ಲಿ ಮೂರು ವೃತ್ತ ಬರೆದು ಒಂದರಲ್ಲಿ ಹಸು, ಒಂದರಲ್ಲಿ ನಲವತ್ತಾರು ವರ್ಷದ ಗಂಡಸು, ಒಂದರಲ್ಲಿ ಐವತ್ತೊಂದು ವರ್ಷದ ಹೆಂಗಸು ಎಂದು ಹಾಕಿದ್ದರು. ಅಕ್ಕ ಅದನ್ನು ಓದಬೇಕೆಂದರು, ಕೊಟ್ಟೆ. ಬೆರಳಿಟ್ಟುಕೊಂಡು ಬಹಳ ಹೊತ್ತು ಆ ಚಿತ್ರವನ್ನೇ ನೋಡಿದರು.

"ವೃತ್ತಗಳ ನಡುವೆ ಬರೀ ಗೆರೆ ಎಳೆದಿದ್ದಾರೆ. ಬಾಣ ಹಾಕಿಲ್ಲ" ಎಂದರು.

"ಗೊತ್ತಿಲ್ಲದ್ದನ್ನ ಹೇಗೆ ಹಾಕ್ತಾರಕ್ಕ?"

"ಸರಿಯಾಗೇ ಮಾಡಿದ್ದಾರೆ" ಎಂದು ಕಾಗದ ಮಡಚಿ ಕೊಟ್ಟರು.

ತಟ್ಟೆಗಳ ಮೇಜಿಗೆ ಅವರು ಮತ್ತೆ ಮರಳಿದ್ದರು. ಆದರೆ ಮೂರು ತಿಂಗಳಿಗೊಮ್ಮೆ ಮೂಗು ನೋಡಬೇಕೆಂದು ಕಟ್ಟಳೆಯಾಗಿತ್ತು. ಮೊದಲನೆಯ ಸಲವೇ ಮತ್ತೆ ಬಂತು. ಮತ್ತೆ ಮುಲಾಮು, ಮತ್ತೆ ಕೆಂಪು ದ್ರಾವಣ, ಮತ್ತೆ ಐದು ದಿನ. ಹೋಯಿತು. ಮುಂದಿನ ಮೂರು ತಿಂಗಳಿಗೆ ಮತ್ತೆ ಬಂತು. ಈ ಸಲ ಆ ಮುಲಾಮಿಗೂ ಬಗ್ಗದ ಹಾಗಾಗಿತ್ತು. ಯಾರೂ ಅವರನ್ನು ಹೋಗು ಎನ್ನಲಿಲ್ಲ. ಚೀಟಿ ಬರೆಯುವ ಕಿಟಕಿಗೆ ಕೂರಿ ಎಂದರು ಅಷ್ಟೇ. ಒಂದು ತಿಂಗಳು ಕೂತರು. ಜನ ಚೀಟಿ ಕೊಡುವಾಗ ಅಕ್ಕ ಕೈ ತಗಲದ ಹಾಗೆ ಅದನ್ನು ಮೂಲೆಯಲ್ಲಿ ಹಿಡಿದು ತೆಗೆದುಕೊಳ್ಳುತ್ತಿದ್ದರು. ಆಮೇಲೆ ತಾವಾಗಿಯೇ ಬಿಟ್ಟರು.

ತಮ್ಮ ಈಗ ಕೃತಕ ಕಾಲು ಹಾಕಿಕೊಂಡು ಅಂಗಳದವರೆಗೆ ನಡೆಯುತ್ತಾನೆ. ಕುಕ್ಕರುಗಾಲಲ್ಲಿ ಕೂತು ಹಾಲು ಕರೆಯಲು ಆಗುವುದಿಲ್ಲ. ಬತ್ತಿಸಿದ ಮೂರರಲ್ಲಿ ಒಂದು ಕರು ಹಾಕಿದ ಮೇಲೆ ಪರೀಕ್ಷೆ ಮಾಡಿದರೆ ಹಾಲು ಚೆನ್ನಾಗಿದೆ ಎಂದು ಬಂತು. ಇನ್ನೆರಡು ಹಾಗೇ ಇವೆ. ಮಗಳು ಕಾಲೇಜಿಗೆ ಮತ್ತೆ ಸೇರಿದಳು, ಒಂದು ವರ್ಷ ಹಿಂದೆ ಬಿದ್ದಳು. ಮನೆಯಲ್ಲಿ ಅಕ್ಕನ ಟವೆಲು ಬೇರೆ, ಸೋಪು ಬೇರೆ, ಕೋಣೆ ಬೇರೆ. ಯಾರೂ ಹೇಳಿದ್ದಲ್ಲ, ಅವರೇ ಮಾಡಿಕೊಂಡದ್ದು. ತಮ್ಮ ಹೇಳುತ್ತಾನಂತೆ, "ಬಾರಕ್ಕ, ಪಕ್ಕದಲ್ಲಿ ಕೂತ್ಕೋ. ಇನ್ನೊಂದು ಕಾಲು ತಾನೇ, ಅದನ್ನೂ ಬೇಕಾದ್ರೆ ತಗೊಂಡು ಹೋಗಲಿ." ಅಕ್ಕ ಬಾಗಿಲ ಹೊಸ್ತಿಲಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಅಲ್ಲಿಂದಲೇ ಇಬ್ಬರೂ ಮಾತಾಡುತ್ತಾರೆ.

ಹೋದ ತಿಂಗಳು ಅವರು ಪ್ರಯೋಗಾಲಯಕ್ಕೆ ಬಂದಿದ್ದರು, ರೋಗಿಗಳ ಸಾಲಿನಲ್ಲಿ ನಿಂತು ಮೂಗಿನ ಪರೀಕ್ಷೆ ಕೊಟ್ಟರು. ಅವರ ಮೇಜಿನಲ್ಲೀಗ ಹೊಸ ಹುಡುಗಿಯೊಬ್ಬಳಿದ್ದಾಳೆ. ಯಂತ್ರವೂ ಬಂದಿದೆ, ಅಳೆಯುವ ಕೆಲಸ ಕಡಿಮೆ. ಅಕ್ಕ ಆ ಕಡೆ ನೋಡದೆ ನನ್ನ ಹತ್ತಿರ ಐದು ನಿಮಿಷ ನಿಂತು ಮಾತಾಡಿ, ಬಸ್ಸಿಗೆ ಹೊರಟರು.

ಮೂರನೆಯ ದಿನ ವರದಿ ಹೊಡೆದವಳು ನಾನೇ. ಇಲ್ಲ ಎಂದು ಬಂದಿತ್ತು. ಕೂಡಲೇ ಫೋನು ಮಾಡಿದೆ.

"ಅಕ್ಕ, ಇಲ್ಲ ಅಂತ ಬಂದಿದೆ. ಪೂರ್ತಿ ಇಲ್ಲ."

ಆ ಕಡೆ ಹಿಂದೆ ಎಲ್ಲೋ ಒಂದು ಹಸು ಕೂಗುತ್ತಿತ್ತು.

"ಸರಿ ಟೈಪಮ್ಮ" ಎಂದರು. "ಮೂರು ತಿಂಗಳು ಬಿಟ್ಟು ಮತ್ತೆ ಬರ್ತೀನಿ."